ಪಡುವಣ ಬಾಗಿಲು ತೆಗೆದವರು

"ದೀಪ ಇನ್ನೂ ಕೆಳಗೆ ಹಿಡಿಯೋ ಮಾರಾಯ," ಎಂದಳು ಕೇಸೊರ್. "ನನ್ನ ನರೆಗೂದಲು ಎಣಿಸೋಕೆ ಬಂದಿಲ್ಲ ನಾವು."

"ಇನ್ನೂ ಕೆಳಗೆ ಅಂದ್ರೆ ಹಾವಿನ ಥರ ಹೊಟ್ಟೆ ಮೇಲೆ ತೆವಳಬೇಕು ಅಮ್ಮಾ," ಎಂದು ಹಿಂದಿನಿಂದ ಗೊಣಗಿದ ತೋಮ್. "ಈ ತೂಬನ್ನ ನೀರಿಗೆ ಅಂತ ಕಟ್ಟಿದ್ದು. ಮನುಷ್ಯರಿಗಲ್ಲ."

"ನಾನೂ ಅದನ್ನೇ ಕೇಳ್ತಿರೋದು. ಮನುಷ್ಯರು ಯಾಕೆ ಬಂದ್ರು ಇಲ್ಲಿ?"

ಹೊರಗೆ ಬೆಳಗಿನ ಬಿಸಿಲು. ಒಳಗೆ ಮಾತ್ರ ಕಣ್ಣು ಕಾಣದಷ್ಟು ಕತ್ತಲು. ಯಶೋಧರಪುರದ ನೀರೆಲ್ಲ ಹರಿದು ಬಂದು ಕೂಡುವುದು ನೈರುತ್ಯದ ಈ ಮೂಲೆಯಲ್ಲಿ. ಕೋಟೆಗೋಡೆಯ ಅಡಿಯಲ್ಲಿ ಐದು ಕಲ್ಲಿನ ತೂಬುಗಳು ಅದನ್ನು ಹೊರಗಿನ ಕಂದಕಕ್ಕೆ ಬಿಡುತ್ತಿದ್ದವು. ಹಾಗಿತ್ತು ಒಂದು ಕಾಲದಲ್ಲಿ. ಕಾಲುವೆಗಳು ಹೂಳು ತುಂಬಿ ವರ್ಷಗಳಾಗಿದ್ದವು. ಈ ಬೇಸಿಗೆಯಲ್ಲಂತೂ ತೂಬುಗಳು ಒಣಗಿ, ತಳದ ಕೆಸರು ಇಟ್ಟಿಗೆಯಂತೆ ಗಟ್ಟಿಯಾಗಿತ್ತು.

ಮುತ್ತಿಗೆ ಹಾಕಿ ಊರು ದೋಚಿಹೋದ ಸಯಾಮಿನ ದಂಡಿಗೆ ಪಡುವಣ ಬಾಗಿಲನ್ನು ತೆಗೆದುಕೊಟ್ಟನೆಂದು ಬಾಗಿಲ ನಾಯಕ ನೊರಾಯ್‌ಗೆ ಸಾವಿನ ಶಿಕ್ಷೆಯಾಗಿತ್ತು. ಅರಸನ ಪರಿವಾರ ಊರು ಬಿಡುವುದರೊಳಗೆ ನಿಜ ತಿಳಿದು ಹೇಳುತ್ತೇನೆಂದು ಕೇಸೊರ್ ಬೇಡಿ ಪಡೆದಿದ್ದ ಗಡುವು ಇವತ್ತಿಗೆ ಮುಗಿಯುತ್ತಿತ್ತು.

ಅವಳು ಪೇಟೆಯ ತೀರ್ಪುಗಾರ್ತಿ. ಮೀನಿನ ತೂಕದಲ್ಲಿ ಮೋಸ, ಬಟ್ಟೆಯ ಅಳತೆಯಲ್ಲಿ ಜಗಳ, ಕದ್ದ ಕೋಳಿ, ಇವೇ ಅವಳ ದಿನನಿತ್ಯದ ವ್ಯಾಜ್ಯಗಳು. ಆದರೆ ಸುಳ್ಳು ಹೇಳುವವರನ್ನು ಅವಳಷ್ಟು ಕಂಡವರು ಊರಲ್ಲಿ ಯಾರೂ ಇರಲಿಲ್ಲ. ನೊರಾಯ್ ತಪ್ಪೊಪ್ಪಿಕೊಂಡ ದಿನವೇ ಅವಳು ಹೇಳಿದ್ದಳು: "ಒಪ್ಪಿಕೊಳ್ಳೋಕೆ ಇಷ್ಟು ಅವಸರ ಪಡೋ ಕಳ್ಳನನ್ನ ನಾನು ನೋಡಿಲ್ಲ."

ತೋಮ್ ದೀಪ ತಗ್ಗಿಸಿದ. ಆ ಹೆಸರಿನ ಅರ್ಥ 'ದೊಡ್ಡವನು'. ಆಳು ಕೇಸೊರಳ ಭುಜಕ್ಕೂ ಬರುತ್ತಿರಲಿಲ್ಲ. ಹಳೆಯ ಸೈನಿಕ. ತೊಡೆಗೆ ಬಾಣ ನಾಟಿ ಕುಂಟುತ್ತಿದ್ದ. ಮಂತ್ರಿಯೇ ಅವನನ್ನು ಅವಳ ಕಾವಲಿಗೆ ಕೊಟ್ಟಿದ್ದ.

"ಇಲ್ಲಿ ನೋಡು," ಎಂದಳು ಅವಳು.

ತೂಬಿನ ನಡುವೆ ದಪ್ಪ ಮರದ ಜಾಲರಿಯಿತ್ತು. ಅದರ ಎರಡು ಸರಳುಗಳು ಕೆಳಗೆ ಬಿದ್ದಿದ್ದವು. ಕೇಸೊರ್ ಒಂದನ್ನೆತ್ತಿ ತುದಿಯ ಮೇಲೆ ಹೆಬ್ಬೆರಳು ಆಡಿಸಿದಳು.

"ಮುರಿದಿದ್ದಲ್ಲ, ಗರಗಸದಲ್ಲಿ ಕೊಯ್ದಿದ್ದು. ಸಿಬಿರು ಎದ್ದಿರೋದು ಹೊರಗಡೆಗೆ. ಅಂದ್ರೆ ಕೊಯ್ದೋರು ಒಳಗಡೆ ಇದ್ರು."

"ಊರೊಳಗಿನ ದ್ರೋಹಿ!" ಎಂದ ತೋಮ್. "ನಾನು ಮೊದಲೇ ಹೇಳ್ಲಿಲ್ವಾ?"

"ನೀನು ಹೇಳಿದ್ದು ನೊರಾಯ್ ಅಂತ. ಸುಮ್ನಿರು. ಈ ತುದಿಗೆ ಏನು ಬಳಿದಿದಾರೆ? ಕೆಸರಿಗೆ ಅಂಟು ಕಲಸಿ ಬಳಿದಿದಾರೆ. ಪದರ ಪದರವಾಗಿದೆ. ತೆಗೆದಿದಾರೆ, ಮತ್ತೆ ಕೂರಿಸಿದಾರೆ, ಮತ್ತೆ ತೆಗೆದಿದಾರೆ. ಶತ್ರುವಿಗೆ ದಾರಿ ಮಾಡಿಕೊಡೋನು ಇಷ್ಟು ಜೋಪಾನವಾಗಿ ಬಾಗಿಲು ಹಾಕ್ಕೊಂಡು ಹೋಗ್ತಾನಾ?"

ತೋಮ್ ದೀಪವನ್ನು ಪಕ್ಕದ ಗೋಡೆಗೆ ಹಿಡಿದು ಬಗ್ಗಿ ನೋಡುತ್ತಿದ್ದ.

"ಅಮ್ಮಾ... ಇದೇನಿದು?"

ಗೋಡೆಯ ತಳಭಾಗಕ್ಕೆ ಕೆಸರು ಮೆತ್ತಿ ಒಣಗಿತ್ತು. ಅದರ ಮೇಲೆ ಉದ್ದಕ್ಕೂ ಕೈಗುರುತುಗಳು. ಪುಟ್ಟ ಪುಟ್ಟ ಅಂಗೈಗಳು. ಕೆಲವು ಅತ್ತಿಹಣ್ಣಿನಷ್ಟು ಚಿಕ್ಕವು. ಕತ್ತಲಲ್ಲಿ ಗೋಡೆ ತಡವುತ್ತ ಹೋದ ಕೈಗಳು. ಬೆರಳುಗಳೆಲ್ಲ ಹೊರಗಡೆಗೆ ಚಾಚಿದ್ದವು.

ಕೇಸೊರ್ ತನ್ನ ಕೈಯನ್ನು ಒಂದು ಗುರುತಿನ ಪಕ್ಕದಲ್ಲಿಟ್ಟು ನೋಡಿದಳು. ತಕ್ಷಣ ಹಿಂದಕ್ಕೆಳೆದುಕೊಂಡಳು, ಬಿಸಿ ತಾಗಿದಂತೆ.

"ಮಕ್ಕಳು," ಎಂದಳು. "ಮಕ್ಕಳನ್ನ ಹೊರಗೆ ಕಳಿಸಿದಾರೆ. ಹಸಿವಿನಿಂದ ತಪ್ಪಿಸೋಕೆ."

ಮುತ್ತಿಗೆಯ ಕೊನೆಯ ತಿಂಗಳುಗಳಲ್ಲಿ ಊರು ತಾವರೆ ಗೆಡ್ಡೆ ತಿಂದು ಮುಗಿಸಿತ್ತು. ಆಮೇಲೆ ಹುಣಸೆ ಚಿಗುರು, ಬಾಳೆದಿಂಡು, ಕೊನೆಗೆ ಚರ್ಮದ ಪಟ್ಟಿಗಳ ಗಂಜಿ. ಮೊದಲು ಸತ್ತವರು ಮಕ್ಕಳು. ತೋಮ್‌ಗೆ ಹೇಳಬೇಕಾಗಿರಲಿಲ್ಲ, ಅವನ ಮೊಮ್ಮಕ್ಕಳಿಬ್ಬರೂ ಹಾಗೇ ಹೋಗಿದ್ದರು.

ಕೆಳಗೆ, ನೆಲದ ಕೆಸರಿನಲ್ಲಿ, ಬೇರೆ ಗುರುತುಗಳಿದ್ದವು. ದೊಡ್ಡವರ ಮೊಣಕಾಲು, ಈಟಿಯ ಹಿಡಿ ಎಳೆದ ಗೆರೆ. ಅವು ಮಕ್ಕಳ ಹೆಜ್ಜೆಗಳನ್ನು ತುಳಿದುಕೊಂಡು ಒಳಮುಖವಾಗಿ ಬಂದಿದ್ದವು.

"ಮಕ್ಕಳು ಹೋದ ದಾರೀಲೇ ಅವರು ಬಂದ್ರು," ಎಂದಳು ಕೇಸೊರ್. "ಒಳಗೆ ಬಂದು ಹಿಂದಿನಿಂದ ಹೋಗಿ ಪಡುವಣ ಬಾಗಿಲು ತೆಗೆದ್ರು. ನೊರಾಯ್ ತೆಗೆದಿಲ್ಲ. ನೀನೂ ಕಣ್ಣಾರೆ ನೋಡಿದೆ ತಾನೆ? ಮಂತ್ರಿಗಳ ಮುಂದೆ ಹೇಳ್ತೀಯಾ?"

"ಹೇಳ್ತೀನಿ. ಆದ್ರೆ ಬೇಗ ಅವರನ್ನೇ ಕರ್ಕೊಂಡು ಬಂದು ತೋರಿಸಿಬಿಡಿ." ತೋಮ್ ತೂಬಿನ ಬಾಯಿಯತ್ತ ಕತ್ತು ಚಾಚಿದ. "ಪಡುವಲು ಕಪ್ಪಾಗ್ತಿದೆ. ಒಂದು ಮಳೆ ಬಂದ್ರೆ ಇಲ್ಲಿ ಏನೂ ಉಳಿಯಲ್ಲ."

*

ತೂಬಿನ ಮೇಲೆಯೇ, ಗೋಡೆಗೆ ಒತ್ತಿಕೊಂಡು ಒಂದು ಹಳೆಯ ವಿಹಾರವಿತ್ತು. ಜಾಲರಿ ಕೊಯ್ದವರು ಯಾರೆಂದು ಮಂತ್ರಿ ಕೇಳುವುದು ಖಂಡಿತವಾದ್ದರಿಂದ ಕೇಸೊರ್ ಮೊದಲು ಅಲ್ಲಿಗೆ ಹೋದಳು. ಒಂದು ಕಾಲಕ್ಕೆ ಅಲ್ಲಿ ಶಿವಲಿಂಗವಿತ್ತು. ಆಮೇಲೆ ಬುದ್ಧ ಬಂದ. ನಡುವೆ ಯಾವನೋ ಅರಸ ಬುದ್ಧನ ಮೂರ್ತಿಗಳನ್ನೆಲ್ಲ ಉಳಿಯಿಂದ ಕೆತ್ತಿ ಅಳಿಸಿಹಾಕಿಸಿದ. ಮತ್ತೆ ಬುದ್ಧನೇ ಬಂದ. ಈಗ ಅಲ್ಲಿ ಉಳಿದಿದ್ದವನು ಭಿಕ್ಷು ಸುವಣ್ಣನೊಬ್ಬನೇ.

ಸಯಾಮಿನವರು ಊರಿನ ಗುಡಿಗಳನ್ನೆಲ್ಲ ದೋಚಿ ಹೋಗಿದ್ದರು. ಈ ವಿಹಾರವೊಂದನ್ನು ಮುಟ್ಟಿರಲಿಲ್ಲ. ಅದಕ್ಕೇ ಪೇಟೆಯಲ್ಲಿ ಈ ಮುದುಕನ ಹೆಸರು ಹಲ್ಲು ಕಡಿದು ಹೇಳುವವರಿದ್ದರು.

"ನೀನೂ ಅದಕ್ಕೇ ಬಂದೆ ಅಲ್ವಾ ತಾಯಿ?" ಎಂದ ಅವನು, ಕಸ ಗುಡಿಸುವುದನ್ನು ನಿಲ್ಲಿಸದೆ. "ಇವನ ಮನೆ ಯಾಕೆ ಉಳೀತು ಅಂತ."

"ಕೇಳಬೇಕಾದ್ದು ಕೇಳ್ಲೇಬೇಕಲ್ಲ ಗುರುಗಳೇ."

ಅವನು ಪೊರಕೆ ಬಿಟ್ಟು ಒಳಗೆ ಕರೆದ. ಬುದ್ಧನ ಮುಖದ ಮೇಲೆ ಕೈಯಿಟ್ಟು ತೋರಿಸಿದ. ಚಿನ್ನದ ರೇಕು ಇರಬೇಕಾದ ಕಡೆ ಬರೀ ಗೀಚಿದ ಗಾಯಗಳು.

"ಲೂಟಿ ಮಾಡೋಕೆ ಏನಿತ್ತು? ಕೆರೆದು ಕೆರೆದು ಎಲ್ಲಾನೂ ಅಕ್ಕಿಗೆ ಕೊಟ್ವಿ. ಅರಮನೆ ಉಗ್ರಾಣದೋರು ತಗೊಂಡ್ರು, ಒಂದು ಬುಟ್ಟಿ ನುಚ್ಚು ಕೊಟ್ರು. ಸಯಾಮಿನವರು ಬಂದು ನೋಡಿ ನಕ್ಕು ಹೋದ್ರು."

ಕೇಸೊರ್ ಕೂತಳು. ತೋಮ್ ಹೊರಗೆ ಮೆಟ್ಟಿಲ ಮೇಲೆ ನಿಂತ.

"ತೂಬಿನ ಗೋಡೆ ಮೇಲೆ ಮಕ್ಕಳ ಕೈ ಇದೆ ಗುರುಗಳೇ."

ಭಿಕ್ಷು ಬುದ್ಧನ ಮುಖದಿಂದ ಕೈ ತೆಗೆದ.

"ಆ ಕೈಗಳಿಗೆಲ್ಲ ದಾರ ಕಟ್ಟಿದೋನು ನಾನೇ," ಎಂದ. "ಕಾಪಾಡಲಿ ಅಂತ."

"ಎಷ್ಟು ಮಕ್ಕಳು?"

"ಎಣಿಸ್ಲಿಲ್ಲ. ಎಣಿಸಿದ್ರೆ ನಾಳೆ ಎಷ್ಟು ಉಳಿದ್ವು ಅಂತ ಮನಸ್ಸು ಕೇಳುತ್ತೆ. ಆ ಭಯ."

"ಜಾಲರಿ ಕೊಯ್ದಿದ್ದು?"

"ತಾಯಂದಿರು."

"ಹೆಸರು ಹೇಳಿ."

"ಹೇಳಲ್ಲ. ಅವರಲ್ಲಿ ಬದುಕಿರೋರೂ ಇದಾರೆ. ಹೆಸರು ಕೊಟ್ರೆ ನೊರಾಯ್‌ಗೆ ತೋಡಿಸಿದ ಹಾಗೆ ಅವರಿಗೂ ಗುಂಡಿ ತೋಡಿಸ್ತಾರೆ ನಿಮ್ಮ ಮಂತ್ರಿ." ಅವನು ತಲೆಯೆತ್ತಿ ಅವಳನ್ನು ನೋಡಿದ. "ಒಂದೇ ಒಂದು ಹೆಸರು ಹೇಳ್ತೀನಿ. ಯಾಕಂದ್ರೆ ನೀನು ಅದನ್ನ ಬೀದೀಲಿ ಯಾರ ಬಾಯಲ್ಲೋ ಕೇಳಬಾರದು."

ಅವನು ಹೇಳುವ ಮೊದಲೇ ಅವಳಿಗೆ ಗೊತ್ತಾಯಿತು.

"ಮೇಖಲಾ," ಎಂದ ಭಿಕ್ಷು.

ಕೇಸೊರ್ ಉಟ್ಟ ಬಟ್ಟೆಯ ನೆರಿಗೆಯನ್ನು ಸರಿಮಾಡಿಕೊಂಡಳು. ಒಂದು ಸಲ, ಮತ್ತೊಂದು ಸಲ.

"ನನ್ನ ಮಗಳಿಗೆ ಗರಗಸ ಎಲ್ಲಿಂದ ಬಂತು?"

"ಅವಳಪ್ಪನದ್ದಂತೆ."

ಹೌದು. ಕೇಸೊರಳ ಗಂಡ ದೋಣಿ ಕಟ್ಟುವವನಾಗಿದ್ದ. ಅವನು ಹೋದಮೇಲೂ ಗರಗಸ ಸೂರಿನಡಿ ನೇತಾಡುತ್ತಿತ್ತು. ಮುತ್ತಿಗೆಯ ನಡುವೆ ಸೌದೆ ಕೊಯ್ಯಲು ಹುಡುಕಿದಾಗ ಸಿಕ್ಕಿರಲಿಲ್ಲ. ಯಾರೋ ಕದ್ದರೆಂದು ಅವಳು ನೆರೆಮನೆಯವರಿಗೆಲ್ಲ ಕೇಳಿಸುವಂತೆ ಬೈದಿದ್ದಳು. ಮೇಖಲಾ ಆಗ ಒಲೆಯ ಮುಂದೆ ಕೂತು, ತಲೆಯೆತ್ತದೆ, ನೀರು ಕಾಯಿಸುತ್ತಿದ್ದಳು. ಅನ್ನವಿರಲಿಲ್ಲ, ನೀರು ಮಾತ್ರ.

ಊರು ಬಿದ್ದ ಬೆಳಿಗ್ಗೆ ಮೇಖಲಾಳ ಹೆಣ ಸಿಕ್ಕಿದ್ದು ಪಡುವಣ ಬಾಗಿಲ ಮೆಟ್ಟಿಲ ಮೇಲೆ. ಅವಳ ಮಗಳು ಸ್ವಾಯ್, ಇನ್ನೂ ನೆಟ್ಟಗೆ ಮಾತು ಬಾರದ ಕೂಸು, ಸಿಗಲೇ ಇಲ್ಲ. ಗುರುತು ಹಿಡಿಯಲಾಗದ ಪುಟ್ಟ ದೇಹಗಳನ್ನೆಲ್ಲ ಒಂದೇ ಚಿತೆಯಲ್ಲಿ ಸುಟ್ಟಿದ್ದರು. ಕೇಸೊರ್ ಆ ಚಿತೆಗೇ ಕೈಮುಗಿದು ಬಂದಿದ್ದಳು. ಮನೆಯಲ್ಲಿರಬೇಕಾದ ಮಗಳು ಪಡುವಣ ಬಾಗಿಲಿಗೆ ಯಾಕೆ ಹೋದಳೆಂದು ಅವಳು ಇಷ್ಟು ದಿನ ಯಾರನ್ನೂ ಕೇಳಿರಲಿಲ್ಲ. ಎಲ್ಲರನ್ನೂ ಪ್ರಶ್ನೆ ಕೇಳುವುದೇ ಕೆಲಸವಾಗಿದ್ದವಳು ಆ ಒಂದು ಪ್ರಶ್ನೆಯನ್ನು ತನ್ನಿಂದಲೇ ಮುಚ್ಚಿಟ್ಟಿದ್ದಳು.

"ಹೊರಗಡೆ ಮಕ್ಕಳನ್ನ ಇಸ್ಕೊಳ್ತಿದ್ದೋರು ಯಾರು?"

"ಮುಖ ನೋಡಿಲ್ಲ. ದನಿ ಕೇಳಿದೀನಿ. ಆನೆ ಹಿಡಿಯೋರು ಕಾಡಲ್ಲಿ ಒಬ್ಬರಿಗೊಬ್ಬರು ಕೂಗ್ತಾರಲ್ಲ, ನಾಲಗೆ ಮಡಚಿ, ಹಕ್ಕಿ ಥರ. ಆ ಕೂಗು ಬಂದಮೇಲೇ ಇವರು ಸರಳು ತೆಗೀತಿದ್ರು."

ಕೇಸೊರ್ ಎದ್ದಳು. ಅವಳ ಅಳಿಯ ಪಿರೂನ್ ಆನೆ ಹಿಡಿಯುವವನು. ಆದರೆ ಅವನು ಮುತ್ತಿಗೆ ಬೀಳುವ ಮೊದಲೇ ಬಡಗಣ ಕಾಡಿಗೆ ಹೋಗಿದ್ದ. ಅವನ ಗುಂಪಿನವರೆಲ್ಲ ಸಯಾಮಿನವರ ಈಟಿಗೆ ಬಲಿಯಾದರೆಂದು ಸುದ್ದಿ ಬಂದಿತ್ತು. ಹೆಣವಿಲ್ಲದೆ ಅವನ ಬಟ್ಟೆಯನ್ನಷ್ಟೇ ಸುಟ್ಟು ತಾಯಿ ಮಗಳಿಬ್ಬರೂ ಸೂತಕ ಕಳೆದಿದ್ದರು.

ಊರಲ್ಲಿ ಆನೆ ಹಿಡಿಯುವವರು ಬೇಕಾದಷ್ಟು ಮಂದಿ ಇದ್ದರು, ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

*

ಅರಮನೆಯ ಮುಂದಿನ ಬಯಲಿನಲ್ಲಿ ಆನೆಗಳ ಮೇಲೆ ಹೊರೆ ಏರಿಸುತ್ತಿದ್ದರು. ಚಾಪೆ ಸುತ್ತಿದ ದೇವರುಗಳು, ತಾಮ್ರದ ಹಂಡೆಗಳು, ಬಿಚ್ಚಿದ ಪಲ್ಲಕ್ಕಿಯ ಕಾಲುಗಳು. ಆನೆಗಳು ಸರೋವರದವರೆಗೆ. ಅಲ್ಲಿಂದ ದೋಣಿ, ತೆಂಕಣಕ್ಕೆ, ನದಿಗಳು ಕೂಡುವ ಕಡೆಗೆ. ಹೊಸ ಊರು ಕಟ್ಟುತ್ತಾರಂತೆ. ಕಲ್ಲಿನದಲ್ಲ, ಮರದ್ದು.

ಗಂಟುಮೂಟೆ ಕಟ್ಟಿಕೊಂಡ ಜನ ಆನೆಗಳ ನೆರಳಲ್ಲಿ ಕೂತಿದ್ದರು. ಕಟ್ಟದ ಜನ ದೂರದಲ್ಲಿ ನಿಂತು ನೋಡುತ್ತಿದ್ದರು.

"ಹಿಂದೆ ಚಂಪಾ ದೇಶದವರು ಬಂದು ಸುಟ್ಟಾಗ ಇಲ್ಲಿದ್ದದ್ದು ಮರದ ಕೋಟೆಯಂತೆ," ಎಂದ ತೋಮ್, ಕುಂಟುತ್ತ. "ನಮ್ಮಜ್ಜಿ ಹೇಳೋಳು. ಆಮೇಲೆ ಬಂದ ಅರಸ ಕಲ್ಲಲ್ಲಿ ಕಟ್ಟಿಸಿ, ಇನ್ನು ಯಾರೂ ಒಳಗೆ ಬರಲ್ಲ ಅಂದ್ನಂತೆ. ಅಷ್ಟು ದೊಡ್ಡ ಗೋಡೆ ಅಮ್ಮಾ! ನೀರು ಬಿಡೋಕೆ ಅಂತ ಇಟ್ಟ ತೂತೇ ಸಾಕಾಯ್ತಲ್ಲ."

"ಮೂಲೆಯ ಆ ಕೆಸರನ್ನ ವರ್ಷಾವರ್ಷ ತೆಗೆಸಿದ್ರೆ ತೂಬಲ್ಲಿ ನೀರಿರ್ತಿತ್ತು," ಎಂದಳು ಅವಳು. "ಗೋಡೆದೇನು ತಪ್ಪು?"

ಬಯಲಿನ ಎದುರು ಸಾಲು ಗೋಪುರಗಳು. ವ್ಯಾಜ್ಯಗಾರರನ್ನು ಅವುಗಳಲ್ಲಿ ಕೂರಿಸಿ, ಯಾರಿಗೆ ಮೊದಲು ಕಾಯಿಲೆ ಬರುತ್ತದೋ ಅವರದ್ದೇ ತಪ್ಪು ಎನ್ನುತ್ತಿದ್ದ ಕಾಲವಿತ್ತು. ಈಗ ಒಂದರಲ್ಲಿ ನೊರಾಯ್ ಇದ್ದ. ಪಡುವಣ ಬಾಗಿಲ ಹೊರಗೆ ಅವನಿಗಾಗಿ ಗುಂಡಿ ತೋಡಿ ಆಗಿತ್ತು. ಜೀವಂತ ನಿಲ್ಲಿಸಿ ಮಣ್ಣು ಮುಚ್ಚುವ ಗುಂಡಿ.

ತೋಮ್‌ನನ್ನು ಹೊರಗೇ ನಿಲ್ಲಿಸಿ ಕೇಸೊರ್ ಬಗ್ಗಿ ಒಳಗೆ ಹೋದಳು.

ನೊರಾಯ್ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಎತ್ತರದ ಆಳು, ಈಗ ಬರೀ ಮೂಳೆ. ಮುಂದಿಟ್ಟಿದ್ದ ಅನ್ನಕ್ಕೆ ಇರುವೆ ಮುತ್ತಿತ್ತು.

"ಮತ್ತೆ ಬಂದ್ರಾ ದೊಡ್ಡಮ್ಮಾ," ಎಂದ. "ದೋಣಿಯಲ್ಲಿ ಜಾಗ ಹಿಡ್ಕೊಳ್ಳೋದು ಬಿಟ್ಟು."

"ಊಟ ಯಾಕೆ ಮಾಡಿಲ್ಲ?"

"ಯಾರಿಗಾದ್ರೂ ಕೊಡಿ. ಮಣ್ಣಿಗೆ ಹೋಗೋ ಹೊಟ್ಟೆಗೆ ಯಾಕೆ?"

"ನೀನು ಬಾಗಿಲು ತೆಗೆದಿಲ್ಲ ನೊರಾಯ್. ಅವರು ತೂಬಿಂದ ಬಂದ್ರು. ನಾನು ನೋಡಿ ಬಂದೆ. ತೋಮ್ ಸಾಕ್ಷಿ. ಈಗ ಮಂತ್ರಿಗಳ ಹತ್ತಿರ ಹೋಗ್ತೀನಿ. ಬಾಯಿ ಬಿಟ್ಟು ಹೌದು ಅನ್ನು ಸಾಕು."

ಅವನ ಮುಖದಲ್ಲಿ ಬಿಡುಗಡೆಯ ಸಂತೋಷ ಕಾಣುತ್ತದೆಂದು ಅವಳು ಕಾದಿದ್ದಳು. ಕಂಡದ್ದು ಭಯ.

"ತೂಬಿನ ವಿಷಯ ಎತ್ತಬೇಡಿ," ಎಂದ. "ನಿಮ್ಮ ಕಾಲಿಗೆ ಬೀಳ್ತೀನಿ. ನಾನೇ ತೆಗೆದೆ. ಮುಗೀತಲ್ಲ. ನನ್ನನ್ನ ಹೂತುಬಿಡ್ಲಿ."

"ಯಾರನ್ನ ಕಾಪಾಡ್ತಿದೀಯಾ? ತಾಯಂದಿರನ್ನಾ?"

ಅವನು ಇರುವೆ ಮುತ್ತಿದ ಅನ್ನವನ್ನು ಆಚೆ ತಳ್ಳಿದ.

"ಆ ತಾಯಂದಿರಲ್ಲಿ ನನ್ನ ಮಗಳೂ ಒಬ್ಬಳು ಅಂತ ಗೊತ್ತಾಯ್ತು. ಈಗಷ್ಟೇ." ಅವಳ ದನಿ ತಾನಾಗಿಯೇ ತಗ್ಗಿತು. "ಅವಳ ಹೆಣ ನಿನ್ನ ಬಾಗಿಲ ಹತ್ತಿರ ಸಿಕ್ತು. ಅವಳು ಅಲ್ಲಿಗೆ ಯಾಕೆ ಬಂದಿದ್ಲು? ನೀನು ನೋಡಿದ್ಯಲ್ವಾ ಅವಳನ್ನ?"

"ದೊಡ್ಡಮ್ಮಾ, ಬೇಡ."

"ನೋಡಿದ್ಯಾ ಇಲ್ವಾ?"

"ಬೇಡ ಅಂದ್ನಲ್ಲ!"

ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಹೊರಗೆ ಎಲ್ಲೋ ಆನೆಯೊಂದು ಘೀಳಿಟ್ಟಿತು. ಆಮೇಲೆ ಗೋಪುರದ ಕಲ್ಲಿನ ಮೇಲೆ ಮೊದಲ ಹನಿಗಳ ಸಪ್ಪಳ. ಕೇಸೊರ್ ಬಾಗಿಲತ್ತ ನೋಡಿದಳು. ನೋಡನೋಡುತ್ತಿದ್ದಂತೆ ಮಳೆ ಹಿಡಿಯಿತು. ಕುರುಡು ಮಳೆ, ಬಯಲೇ ಕಾಣದ ಹಾಗೆ. ಊರಿನ ನೀರೆಲ್ಲ ಈಗ ನೈರುತ್ಯ ಮೂಲೆಗೆ ಓಡುತ್ತಿತ್ತು. ಆ ಗೋಡೆಯನ್ನು, ಆ ಪುಟ್ಟ ಕೈಗಳನ್ನು ತೊಳೆಯುತ್ತಿತ್ತು.

ಅವಳು ಎದ್ದು ಓಡಲಿಲ್ಲ. ನೊರಾಯ್‌ನ ಎದುರಿಗೆ ನೆಲದ ಮೇಲೆ ಕೂತಳು.

"ಹೇಳು. ಕೇಳಿಸ್ಕೊಂಡೇ ಹೋಗ್ತೀನಿ."

ಅವನು ಕೈ ತೆಗೆದ. ಎಷ್ಟೋ ದಿನಗಳಿಂದ ಒಳಗೇ ಕೊಳೆಯುತ್ತಿದ್ದ ಮಾತು, ತಡೆಯಿಲ್ಲದೆ ಬಂತು.

"ಬೆಳಕು ಹರಿಯೋ ಮುಂಚೆ. ಓಡಿ ಬಂದ್ಲು, ತಲೆ ಕೆದರ್ಕೊಂಡು. ಅದಕ್ಕೆ ಮುಂಚೆ ಹೆಂಗಸರು ಗುಂಪು ಕಟ್ಕೊಂಡು ಬಂದಿದ್ರು, ಬಾಗಿಲು ತೆಗೀರಿ, ಶರಣಾಗೋಣ, ಮಕ್ಕಳು ಸಾಯ್ತಿವೆ ಅಂತ. ಮತ್ತೆ ಬಂದ್ರೆ ಹೊಡೀರಿ ಅಂತ ಅರಮನೆಯ ಅಪ್ಪಣೆ. ನಾನು ಅನ್ನ ತಿಂದು ದಿನಗಳಾಗಿದ್ವು ದೊಡ್ಡಮ್ಮಾ. ಕಣ್ಣು ಮಂಜು. ನಿದ್ದೆ ಇಲ್ಲ. ಅವಳೇನೋ ಕೂಗ್ತಿದ್ಲು, ನನಗೆ ಅರ್ಥ ಆಗ್ಲಿಲ್ಲ. ಸೀದಾ ನಗಾರಿ ಹತ್ತಿರ ಹೋದ್ಲು. ಬಾರಿಸೋಕೆ ಕೋಲು ಎತ್ತಿದ್ಲು. ಜನ ಸೇರಿಸ್ತಾಳೆ, ಬಾಗಿಲು ತೆಗೆಸ್ತಾಳೆ ಅಂದ್ಕೊಂಡೆ."

"ಆಮೇಲೆ?"

"ಈಟಿ ತಿರುಗಿಸಿ ಹಿಡಿಯಿಂದ ಹೊಡೆದೆ. ಮೊನೆಯಿಂದಲ್ಲ. ಸುಮ್ನೆ ದೂಡೋಕೆ. ಅವಳಲ್ಲಿ ಏನಿತ್ತು? ಹುಲ್ಲುಕಡ್ಡಿ. ಮೆಟ್ಟಿಲ ಮೇಲೆ ಬಿದ್ಲು, ತಲೆ..." ಅವನಿಗೆ ಮುಂದೆ ಹೇಳಲಾಗಲಿಲ್ಲ. "ಎತ್ತೋಕೆ ಬಗ್ಗಿದೆ. ಆಗ ಹೇಳಿದ್ಲು, ಬಿಡಿಸಿ ಬಿಡಿಸಿ. 'ತೂಬಲ್ಲಿ ಬರ್ತಿದಾರೆ.' ಅಷ್ಟೇ ಹೇಳೋಕೆ ಬಂದಿದ್ಲು. ಆ ನಗಾರಿ ಒಂದು ಸಲ ಬಾರಿಸಿದ್ರೆ ನಮ್ಮೋರು ಎದ್ದಿರ್ತಿದ್ರು. ಬಾರಿಸೋಕೆ ನಾನು ಬಿಡ್ಲಿಲ್ಲ. ಈಗ ಹೇಳಿ ದೊಡ್ಡಮ್ಮಾ, ಬಾಗಿಲು ತೆಗೆದೋನು ನಾನಲ್ವಾ?"

ಮಳೆಯ ಸದ್ದು ಗೋಪುರದೊಳಗೆಲ್ಲ ತುಂಬಿತ್ತು.

ಕೇಸೊರ್ ಅವನ ಬಲಗೈಯನ್ನೇ ನೋಡುತ್ತಿದ್ದಳು. ಉಗುರುಗಳನ್ನು ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಈ ಕೈಯನ್ನು ಉಳಿಸಲು ಅವಳು ಮಂತ್ರಿಯ ಮನೆಯ ಮೆಟ್ಟಿಲು ಸವೆಸಿದ್ದಳು. ತನ್ನೊಳಗೆ ಕೋಪವನ್ನು ಹುಡುಕಿದಳು. ಇತ್ತು. ಆದರೆ ಅದನ್ನು ಎತ್ತಿ ಹೊಡೆಯುವಷ್ಟು ಕಸುವು ಅವಳಲ್ಲಿರಲಿಲ್ಲ.

"ನೋವಾಯ್ತಾ ಅವಳಿಗೆ?" ಎಂದಳು.

"ತುಂಬಾ ಹೊತ್ತಿಲ್ಲ."

"ನಿನ್ನ ಕೈ ಮೇಲಿದ್ಲಾ?"

"ಹೂಂ."

ಅವಳು ತಲೆಯಾಡಿಸಿದಳು. ಕಣ್ಣೀರು ಬಂದಿತ್ತು. ಒರೆಸಿಕೊಳ್ಳಲಿಲ್ಲ.

"ಇನ್ನೊಂದಿದೆ," ಎಂದ ನೊರಾಯ್. "ಇದನ್ನೂ ಹೇಳಿಬಿಡ್ತೀನಿ. ಸಯಾಮಿನವರು ಬಂದಾಗ ಮುಂದೆ ಒಬ್ಬನನ್ನ ನಡೆಸ್ಕೊಂಡು ಬಂದ್ರು. ಕೈ ಹಿಂದಕ್ಕೆ ಕಟ್ಟಿತ್ತು. ಕೊರಳಿಗೆ ಹಗ್ಗ. ದಾರಿ ತೋರ್ಸೋಕೆ ಅಂತ. ಅವನು ನನ್ನ ಕೈ ಮೇಲಿದ್ದ ಇವಳನ್ನ ನೋಡ್ದ. ಆನೆ ಗುಂಡಿಗೆ ಬಿದ್ದಾಗ ಕೂಗುತ್ತಲ್ಲ, ಹಾಗೆ ಕೂಗ್ದ. ನಿಮ್ಮ ಅಳಿಯ ದೊಡ್ಡಮ್ಮಾ. ಪಿರೂನ್. ಅವನು ಸತ್ತಿರಲಿಲ್ಲ."

*

ಮಂತ್ರಿ ವೊಂಗ್ಸಾ ಅರಮನೆಯ ಜಗಲಿಯ ಮೇಲೆ, ಚಾಪೆಯ ಚಪ್ಪರದಡಿ ಕೂತಿದ್ದ. ನೊರಾಯ್‌ನನ್ನು ಎಳೆದು ತಂದು ಮಳೆಯಲ್ಲೇ ನಿಲ್ಲಿಸಿದ್ದರು. ಕೇಸೊರ್ ಒದ್ದೆಯಾಗಿ ನಡುಗುತ್ತ ಕೈಮುಗಿದಳು.

"ಹೇಳು ಕೇಸೊರ್. ಆನೆಗಳು ಕಾಯ್ತಿವೆ."

"ಇವನು ಬಾಗಿಲು ತೆಗೆದಿಲ್ಲ ಒಡೆಯಾ."

ನೊ‍ರಾಯ್ ತಲೆಯೆತ್ತಿ ಅವಳನ್ನು ನೋಡಿದ. ಅವಳು ಅವನತ್ತ ನೋಡಲಿಲ್ಲ. ತೂಬು, ಸರಳು, ಮಕ್ಕಳ ಕೈಗಳು, ಒಳಗೆ ಬಂದ ಮೊಣಕಾಲುಗಳು, ಎಲ್ಲವನ್ನೂ ಹೇಳಿದಳು. ನಗಾರಿಯ ಮಾತು ಹೇಳಲಿಲ್ಲ. ಈಟಿಯ ಹಿಡಿಯ ಮಾತು ಹೇಳಲಿಲ್ಲ.

"ನಾನೂ ನೋಡಿದೆ ಒಡೆಯಾ," ಎಂದ ತೋಮ್, ಯಾರೂ ಕೇಳದೆಯೇ.

"ಈಗ ಹೋಗಿ ನೋಡಬಹುದಾ?"

"ಈಗ ಅಲ್ಲಿ ನೀರಿದೆ," ಎಂದಳು ಕೇಸೊರ್.

ವೊಂಗ್ಸಾ ಅಡಿಕೆ ಉಗಿದು ಬಾಯಿ ಒರೆಸಿಕೊಂಡ. "ಜಾಲರಿ ಕೊಯ್ದಿದ್ದು ಯಾರು?"

"ನನ್ನ ಮಗಳು ಮೇಖಲಾ."

ಜಗಲಿಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಟುಗಳ ನಡುವೆ ಕೂತಿದ್ದ ಹೆಂಗಸರಲ್ಲಿ ಕೆಲವರು ಮುಸುಕು ಎಳೆದುಕೊಂಡರು.

"ಜೊತೆಗೆ?"

"ಒಬ್ಬಳೇ." ಅವಳು ಹುಟ್ಟಿದಂದಿನಿಂದ ಇಷ್ಟು ಸಲೀಸಾಗಿ ಸುಳ್ಳು ಹೇಳಿರಲಿಲ್ಲ. "ಮಗು ಹಸ್ಕೊಂಡಿತ್ತು. ಹೊರಗೆ ಬಿಟ್ಲು. ದಂಡು ಬರುತ್ತೆ ಅಂತ ಅವಳಿಗೆ ಗೊತ್ತಿರಲಿಲ್ಲ. ಸತ್ತೋಳನ್ನ ಇನ್ನೇನು ಮಾಡ್ತೀರಿ ಒಡೆಯಾ? ಇವನನ್ನ ಬಿಟ್ಟುಬಿಡಿ."

ಮಂತ್ರಿ ಬಹಳ ಹೊತ್ತು ಅವಳನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆದರಿಕೆ ತಂದಿತು.

"ಹಗ್ಗ ಬಿಚ್ಚಿ," ಎಂದ. ಕಾವಲಿನವರು ನೊರಾಯ್‌ನ ಕೈ ಬಿಚ್ಚಿದರು. ಅವನು ಅಲ್ಲೇ ಕೆಸರಿನಲ್ಲಿ ಕುಸಿದು ಕೂತ.

"ಕೇಸೊರ್, ನೀನು ಗೋಪುರದಲ್ಲಿದ್ದಾಗ ಸರೋವರದ ದಡದಿಂದ ದೂತ ಬಂದ. ನಿನ್ನ ಅಳಿಯ ಸಿಕ್ಕಿದಾನೆ. ಸಯಾಮಿನವರ ಸೆರೆಯಿಂದ ತಪ್ಪಿಸ್ಕೊಂಡು ಬಂದು ನಮ್ಮ ದೋಣಿಯವರಿಗೆ ಶರಣಾದನಂತೆ. ಹೆಗಲ ಮೇಲೆ ಒಂದು ಹೆಣ್ಣುಕೂಸು ಇತ್ತಂತೆ."

ಕೇಸೊರ್ ಜಗಲಿಯತ್ತ ಮುಂದಕ್ಕೆ ನುಗ್ಗಿದಳು. ತೋಮ್ ಅವಳ ರಟ್ಟೆ ಹಿಡಿದ.

"ಜೀವ ಇದೆಯಾ?"

"ಇದೆ. ಮೂಳೆ ಚಕ್ಕಳ ಆಗಿದೆ. ಜೀವ ಇದೆ."

"ಸ್ವಾಯ್," ಎಂದಳು ಅವಳು. "ಒಡೆಯಾ, ನಾನು ಹೋಗ್ಲಾ? ಈಗಲೇ ಹೋಗ್ಲಾ?"

"ಕರ್ಕೊಂಡೇ ಹೋಗ್ತೀವಿ." ವೊಂಗ್ಸಾ ಎದ್ದು ನಿಂತ. "ಜಾಲರಿ ಕೊಯ್ಸಿದ್ದು ಯಾರು ಅಂತ ಅವನನ್ನೂ ಕೇಳಿದ್ರು. ಸತ್ತ ಹೆಂಡತಿಗೆ ಕಳಂಕ ತಾಗಬಾರದು ಅಂತಲೋ ಏನೋ, ಅವಳ ಹೆಸರು ಅವನು ಎತ್ತಲಿಲ್ಲ. ಗರಗಸ ಕೊಟ್ಟೋರು, ಹೊರಗೆ ಸುದ್ದಿ ಕಳಿಸಿದೋರು, ದಂಡಿನವರ ಹತ್ತಿರ ಅಕ್ಕಿಗೆ ಮಾತಾಡಿದೋರು, ಎಲ್ಲಾ ಒಬ್ಬರೇ ಅಂದ. ಬುದ್ಧನ ಮೇಲೆ ಆಣೆ ಇಟ್ಟು ಹೇಳಿದಾನೆ."

"ಯಾರು?" ಎಂದಳು ಕೇಸೊರ್.

ಮಂತ್ರಿ ತೋಮ್‌ನತ್ತ ನೋಡಿ ಕಣ್ಣಲ್ಲೇ ಸನ್ನೆ ಮಾಡಿದ.

ತೋಮ್ ನೊರಾಯ್‌ನ ಕೈಯಿಂದ ಬಿಚ್ಚಿ ಬಿದ್ದಿದ್ದ ಹಗ್ಗವನ್ನು ಕೆಸರಿನಿಂದ ಎತ್ತಿಕೊಂಡ. ದೂತ ತಂದ ಸುದ್ದಿ ಗೋಪುರದ ಹೊರಗೆ ಕಾದಿದ್ದಾಗಲೇ ಅವನ ಕಿವಿಗೆ ಬಿದ್ದಿತ್ತು.

"ಕೈ ಕೊಡಿ ಅಮ್ಮಾ," ಎಂದ. "ಅವನು ನಿಮ್ಮ ಹೆಸರು ಹೇಳಿದಾನೆ."